ನಾಲ್ಕು ಅಡಿ ಮೀನಿನ ಟ್ಯಾಂಕಿನ ನೀರು ಒಂದು ಮೂಲೆಗೆ ವಾಲಿದೆ: ಪ್ಯಾಕಿಂಗ್ ಎಲ್ಲಿ ಕೊಡಬೇಕು?

ತುಂಗಾತೀರ: ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕನ್ನು 12 ಮಿ.ಮೀ. ಗಾಜಿನಲ್ಲಿ ಮಾಡಿಸಿ, ಎಂಎಸ್ (ಮೈಲ್ಡ್ ಸ್ಟೀಲ್) ಸ್ಕ್ವೇರ್ ಪೈಪಿನ ಸ್ಟ್ಯಾಂಡಿನ ಮೇಲೆ ಕೂರಿಸಿದ್ದೇನೆ. ಎಡತುದಿಯಲ್ಲಿ ನೀರು ಗಾಜಿನ ಅಂಚಿಗಿಂತ 30 ಮಿ.ಮೀ. ಕೆಳಗಿದ್ದರೆ ಬಲತುದಿಯಲ್ಲಿ 42 ಮಿ.ಮೀ. ಕೆಳಗಿದೆ. ಮುಂದಿನ ಗಾಜಿಗೂ ಹಿಂದಿನ ಗಾಜಿಗೂ 6 ಮಿ.ಮೀ. ವ್ಯತ್ಯಾಸವಿದೆ. ಮಾಡಿಕೊಟ್ಟವರನ್ನು ಕೇಳಿದರೆ ಇಷ್ಟು ಎಲ್ಲರ ಮನೆಯಲ್ಲೂ ಇರುತ್ತದೆ ಎಂದು ಫೋನ್ ಇಟ್ಟುಬಿಟ್ಟರು. ಮಟ್ಟ ಸರಿಪಡಿಸಲು ಅಡಿಗೆ ಕೊಡುವ ಪ್ಯಾಕಿಂಗ್ ಯಾವುದು, ಎಲ್ಲಿ ಕೊಡಬೇಕು ಎಂಬುದನ್ನಷ್ಟೇ ತಿಳಿಸಿ, ಉಪದೇಶ ಬೇಡ.

ಗಪ್ಪಿಗೂಡು: ಟ್ಯಾಂಕಿನ ಕೆಳಗೆ ಥರ್ಮಾಕೋಲ್ ಹಾಕಿದ್ದೀರಾ? ಇಂಥ ದೂರುಗಳಲ್ಲಿ ಹತ್ತಕ್ಕೆ ಒಂಬತ್ತು ಥರ್ಮಾಕೋಲ್ ಇಲ್ಲದಿರುವುದರಿಂದಲೇ ಬರುತ್ತವೆ. ಒಂದು ಇಂಚಿನ ಹಾಳೆ ಹಾಕಿ, ಟ್ಯಾಂಕ್ ತಾನೇ ತನ್ನ ಮಟ್ಟ ಕಂಡುಕೊಳ್ಳುತ್ತದೆ.

ನೀಲಿಬೆಳಕು: ಥರ್ಮಾಕೋಲ್ ಮಟ್ಟವನ್ನು ಸರಿಪಡಿಸುವುದಿಲ್ಲ. ಹಲಗೆಯ ಮೇಲಿನ ಸಣ್ಣ ಉಬ್ಬುತಗ್ಗನ್ನು, ವೆಲ್ಡಿಂಗಿನ ಒಂದು ಹನಿಯನ್ನು ಅದು ನುಂಗಿಕೊಳ್ಳಬಲ್ಲದು, ಅಷ್ಟೇ, 12 ಮಿ.ಮೀ. ಇಳಿಜಾರಿನ ಮೇಲೆ ಅದನ್ನು ಹಾಸಿದರೆ ಥರ್ಮಾಕೋಲೂ ಅದೇ ಇಳಿಜಾರಿನಲ್ಲಿ ಕೂರುತ್ತದೆ. ತಳದ ಗಾಜು ಚೌಕಟ್ಟಿನೊಳಗೆ ಎತ್ತರದಲ್ಲಿ ಕೂರುವ ಕಾರ್ಖಾನೆ ಟ್ಯಾಂಕುಗಳಿಗೆ ಅದನ್ನು ಹಾಕಲೇಬಾರದು, ಏಕೆಂದರೆ ಹಾಳೆ ಮಧ್ಯದಲ್ಲಿ ಗಾಜನ್ನು ಮೇಲಕ್ಕೆ ಒತ್ತುತ್ತದೆ. ತುಂಗಾತೀರ ಅವರೇ, ಮೂರು ವಿಷಯ ತಿಳಿಸಿ: ಟ್ಯಾಂಕ್ ಈಗ ತುಂಬಿದೆಯೇ, ಸ್ಟ್ಯಾಂಡಿನ ಯಾವುದಾದರೂ ಕಾಲಿನ ಕೆಳಗೆ ಕಾಗದ ತೂರುತ್ತದೆಯೇ, ಅದು ಮನೆಯ ಯಾವ ಭಾಗದಲ್ಲಿದೆ?

ತುಂಗಾತೀರ: ತುಂಬಿದೆ, ಮೀನುಗಳೂ ಇವೆ. ಬಲಭಾಗದ ಹಿಂದಿನ ಕಾಲಿನ ಕೆಳಗೆ ಪೋಸ್ಟ್‌ಕಾರ್ಡ್ ತೂರುತ್ತದೆ. ಮೊದಲ ಮಹಡಿಯ ಹಾಲಿನಲ್ಲಿದೆ. ಕಾರಿನ ಜಾಕ್ ಇಟ್ಟು ಎಡತುದಿಯನ್ನು ಎತ್ತಿ, ಗ್ರಾನೈಟ್ ಚೂರು ತುರುಕಬಹುದೇ?

ನೀಲಿಬೆಳಕು: ಖಂಡಿತ ಬೇಡ. ನೀರು ತುಂಬಿದ ಟ್ಯಾಂಕನ್ನು ಒಂದು ತುದಿಯಿಂದ ಎತ್ತಿದಾಗ ಸ್ಟ್ಯಾಂಡ್ ತಿರುಚಿಕೊಳ್ಳುತ್ತದೆ, ಆ ತಿರುಚು ಗಾಜುಗಳನ್ನು ಅಂಟಿಸಿದ ಸಿಲಿಕೋನ್ ಬೆಸುಗೆಗೆ ಹೋಗುತ್ತದೆ. ಮೊದಲು ಮೀನುಗಳನ್ನು ಡ್ರಮ್ಮಿಗೆ ಬಿಟ್ಟು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ.

ಮಲೆನಾಡ ಬಾರ್ಬ್: ಕೇವಲ ವಾಲಿದ ಟ್ಯಾಂಕಿಗೆ ಇಷ್ಟು ಹೆದರಬೇಕಿಲ್ಲ. ಗಾಜಿನ ಮೇಲಿನ ಒತ್ತಡವನ್ನು ನಿರ್ಧರಿಸುವುದು ನೀರಿನ ಆಳ. ಸುಮಾರು 580 ಮಿ.ಮೀ. ಆಳದಲ್ಲಿ 12 ಮಿ.ಮೀ. ಹೆಚ್ಚಾದರೆ ಒಂದು ತುದಿಯ ತಳದಲ್ಲಿ ಶೇಕಡಾ 2ರಷ್ಟು ಒತ್ತಡ ಹೆಚ್ಚುತ್ತದೆ, ಅಷ್ಟನ್ನು ನಿಮ್ಮ ಗಾಜು ತಡೆದುಕೊಳ್ಳುತ್ತದೆ. ಅಪಾಯವಿರುವುದು ಆ ಪೋಸ್ಟ್‌ಕಾರ್ಡಿನಲ್ಲಿ. ಸಮತಟ್ಟಾದ ಸ್ಟ್ಯಾಂಡ್ ಸಮತಟ್ಟಾದ ಇಳಿಜಾರಿನ ಮೇಲೆ ನಾಲ್ಕೂ ಕಾಲೂರಿ ನಿಲ್ಲುತ್ತದೆ. ಒಂದು ಕಾಲು ತೇಲುತ್ತಿದೆಯೆಂದರೆ ಸ್ಟ್ಯಾಂಡ್ ತಿರುಚಿದೆ ಅಥವಾ ನೆಲ ತಿರುಚಿದೆ. ಖಾಲಿ ಮಾಡಿದ ಮೇಲೆ ಸ್ಟ್ಯಾಂಡನ್ನು ಅದೇ ಜಾಗದಲ್ಲಿ ಹಿಂದುಮುಂದು ತಿರುಗಿಸಿ ನೋಡಿ; ದೋಷ ಯಾವುದರದ್ದೆಂದು ತಿಳಿಯುತ್ತದೆ.

ನೀಲಿಬೆಳಕು: ಮೊದಲರ್ಧ ಒಪ್ಪುತ್ತೇನೆ, ಕೊನೆಯ ಪರೀಕ್ಷೆಯನ್ನು ಒಪ್ಪುವುದಿಲ್ಲ. ರಸಮಟ್ಟ (ಸ್ಪಿರಿಟ್ ಲೆವೆಲ್) ಸರಿಯಿದೆಯೇ ಎಂದು ತಿಳಿಯಲು ತುದಿ ಬದಲಿಸಿ ಇಡುವ ಕ್ರಮವನ್ನೇ ನೀವು ಸ್ಟ್ಯಾಂಡಿಗೂ ಅನ್ವಯಿಸಿದ್ದೀರಿ. ತಿರುಚಿದ ಸ್ಟ್ಯಾಂಡಿನಲ್ಲಿ ಎದುರುಬದುರು ಮೂಲೆಗಳ ಎರಡು ಕಾಲುಗಳು ಗಿಡ್ಡವಾಗಿ ವರ್ತಿಸುತ್ತವೆ, ಹಿಂದುಮುಂದು ತಿರುಗಿಸಿದರೆ ಅದೇ ಜೋಡಿ ಅದೇ ಮೂಲೆಗಳಿಗೆ ಬರುತ್ತದೆ. ನೆಲ ತಿರುಚಿದ್ದರೂ ಅದೇ ಮೂಲೆಗಳೇ ತೇಲುತ್ತವೆ. ಹಾಗಾಗಿ ಅದರಿಂದ ಏನೂ ತಿಳಿಯದು. ಸ್ಟ್ಯಾಂಡಿನ ಮೇಲಿನ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ದಾರಗಳನ್ನು ಬಿಗಿಯಾಗಿ ಕಟ್ಟಿ. ಮಧ್ಯದಲ್ಲಿ ಅವು ಒತ್ತದೆ ಸವರಿಕೊಂಡು ಹೋದರೆ, ಮೇಲಿನ ದಾರವನ್ನು ಕೆಳಕ್ಕೆ ಬದಲಿಸಿದಾಗಲೂ ಹಾಗೆಯೇ ಇದ್ದರೆ, ಚೌಕಟ್ಟು ಒಂದೇ ಸಮತಲದಲ್ಲಿದೆ. ನಡುವೆ ಅಂತರ ಕಂಡರೆ ತಿರುಚಿದೆ.

ಗಪ್ಪಿಗೂಡು: ನನ್ನ ಆರು ಅಡಿಯ ಅರೋವಾನಾ ಟ್ಯಾಂಕ್ ಥರ್ಮಾಕೋಲಿನ ಮೇಲೆ ವರ್ಷಗಳಿಂದ ಕದಲದೆ ನಿಂತಿದೆ. ದಾರ ಕಟ್ಟುವ ಪ್ರಮೇಯ ನನಗೆ ಬಂದಿಲ್ಲ.

ಮಲೆನಾಡ ಬಾರ್ಬ್: ಅದು ನಿಮ್ಮ ನೆಲದ ಪುಣ್ಯ. ನೀಲಿಬೆಳಕು ಅವರ ತಿದ್ದುಪಡಿ ಸರಿಯಿದೆ. ತುಂಗಾತೀರ ಅವರೇ, ನಿಮ್ಮ ಅಳತೆಗಳನ್ನು ಮತ್ತೆ ನೋಡಿದೆ. ನಾಲ್ಕು ಅಡಿಗೆ 12, ಎರಡು ಅಡಿಗೆ 6, ಅಂದರೆ ಎರಡೂ ದಿಕ್ಕಿನಲ್ಲಿ ಸುಮಾರು ನೂರಕ್ಕೆ ಒಂದು. ಹಾಲಿನ ನೆಲ ಹೀಗೆ ಒಂದೇ ಮೂಲೆಗೆ ಇಳಿಯುವುದಿಲ್ಲ, ನೀರು ಹರಿದುಹೋಗಲೆಂದು ಗಾರೆಯವರು ಕೊಡುವ ವಾಟ ಇದು. ಆ ಎಡಮೂಲೆಯಲ್ಲಿ ಏನಿತ್ತು?

ತುಂಗಾತೀರ: ಅಲ್ಲಿ ಮೊದಲು ನೀರು ಹೋಗುವ ಪೈಪಿತ್ತು, ಮುಚ್ಚಿಸಿದ್ದೇವೆ. ಬಾಲ್ಕನಿಯ ಬಾಗಿಲು ತೆಗೆಸಿ, ಗಾಜು ಹಾಕಿಸಿ, ಹಾಲಿಗೆ ಸೇರಿಸಿಕೊಂಡಿದ್ದೇವೆ. ಈಗ ಅದು ಹಾಲೇ ಆದ್ದರಿಂದ ಬೇರೆಯಾಗಿ ಬರೆಯಲಿಲ್ಲ.

ಮಲೆನಾಡ ಬಾರ್ಬ್: ಹಾಗಿದ್ದರೆ ಪ್ಯಾಕಿಂಗಿನ ಮಾತು ಇಂದಿಗೆ ಸಾಕು, ಈ ಸಂಜೆಯೇ ನೀರು ಇಳಿಸಿ. ಹದಿನಾರು ಘನ ಅಡಿಗೆ ಸುಮಾರು 450 ಲೀಟರ್, ಗಾಜು 90 ಕಿಲೋ, ಮರಳು, ಕಲ್ಲು, ಸ್ಟ್ಯಾಂಡ್ ಸೇರಿದರೆ 600 ಕಿಲೋ ದಾಟುತ್ತದೆ. ಅದೆಲ್ಲ ಮುಕ್ಕಾಲು ಚದರ ಮೀಟರಿನ ಮೇಲೆ ಕೂತಿದೆ. ಕಟ್ಟಡಗಳ ಮೇಲಿನ ಭಾರದ ಭಾರತೀಯ ಮಾನಕ ಐಎಸ್ 875ರ 2ನೇ ಭಾಗದ ಪ್ರಕಾರ ವಾಸದ ಮನೆಯ ಬಾಲ್ಕನಿಗೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 300 ಕಿಲೋ. ಅದು ಇಡೀ ನೆಲಕ್ಕೆ ಹಂಚಿದ ಭಾರವಾದ್ದರಿಂದ ನೇರವಾಗಿ ಹೋಲಿಸಲಾಗದು, ಆದರೆ ಗೋಡೆಯಿಂದ ಹೊರಚಾಚಿದ ಸ್ಲ್ಯಾಬಿನ ತುದಿ ಇಷ್ಟು ಭಾರಕ್ಕೆ ಎಲ್ಲಕ್ಕಿಂತ ಕೆಟ್ಟ ಜಾಗ. ಒಳಗೆ, ಬೀಮಿನ ಮೇಲೆ ಎದ್ದ ಗೋಡೆಗೆ ತಾಗಿಸಿ ಇಡಿ. ಬೀಮ್ ಎಲ್ಲಿದೆಯೆಂಬುದನ್ನು ನಕ್ಷೆ ನೋಡಿ ಎಂಜಿನಿಯರರೊಬ್ಬರು ಹೇಳಲಿ, ಇಲ್ಲಿರುವ ನಾವು ಯಾರೂ ಹೇಳಬಾರದು.

ತುಂಗಾತೀರ: ಟ್ಯಾಂಕ್ ಖಾಲಿಯಾಗಿ ಒಳಗೆ ಬಂದಿದೆ, ಎಂಜಿನಿಯರ್ ತೋರಿಸಿದ ಗೋಡೆಯ ಬಳಿಯೇ ಇದೆ. ಟ್ಯೂಬ್ ಲೆವೆಲಿನಲ್ಲಿ (ನೀರು ತುಂಬಿದ ಕೊಳವೆಯ ಮಟ್ಟದಲ್ಲಿ) ನೋಡಿದರೆ ಇಲ್ಲಿನ ನೆಲದ ಏರುಪೇರು 2 ಮಿ.ಮೀ. ಒಳಗೇ ಇದೆ. ಆದರೆ ದಾರಗಳ ನಡುವೆ 3 ಮಿ.ಮೀ. ಅಂತರವಿದೆ. ಈಗಲಾದರೂ ಪ್ಯಾಕಿಂಗ್ ಕೊಡಬಹುದೇ?

ನೀಲಿಬೆಳಕು: ನೆಲದ 2 ಮಿ.ಮೀ.ಗೆ ಕೊಡಬಹುದು. ಸ್ಟ್ಯಾಂಡಿನ ಕಾಲಿಗೂ ನೆಲಕ್ಕೂ ನಡುವೆ, ಪೈಪಿನ ಪೂರ್ತಿ ಅಗಲಕ್ಕೆ ಸ್ಟೀಲ್ ತಗಡು ಕೊಡಿ. ಟ್ಯಾಂಕಿಗೂ ಸ್ಟ್ಯಾಂಡಿಗೂ ನಡುವೆ ಎಂದಿಗೂ ಬೇಡ, ಗಾಜಿನ ಭಾರವೆಲ್ಲ ಆ ಚೂರಿನ ಮೇಲೆ ನಿಲ್ಲುತ್ತದೆ. ದಾರದ 3 ಮಿ.ಮೀ. ವೆಲ್ಡಿಂಗಿನ ಬಿಸಿಗೆ ಚೌಕಟ್ಟು ಎಳೆದುಕೊಂಡದ್ದು, ಅದನ್ನು ವೆಲ್ಡರ್ ಬಿಡಿಸಿ ಕೂಡಿಸಬೇಕು. ಆಮೇಲೆ 19 ಮಿ.ಮೀ. ಮೆರೈನ್ ಪ್ಲೈ, ಅದರ ಮೇಲೆ ತೆಳುವಾದ ಇವಿಎ ಫೋಮ್ (ರಬ್ಬರಿನಂಥ ಮೆತ್ತನೆಯ ಹಾಳೆ) ಹಾಸಿ, ಕಾಲುಭಾಗ ನೀರು ತುಂಬಿ, ಮರುದಿನ ಮತ್ತೆ ಅಳೆದು ಉಳಿದದ್ದನ್ನು ತುಂಬಿಸಿ.

ಗಪ್ಪಿಗೂಡು: ಕೊನೆಗೂ ಫೋಮ್ ಬೇಕೆಂದು ಒಪ್ಪಿದಿರಿ. ಹಾಗಾದರೆ ಥರ್ಮಾಕೋಲಿಗೂ ಇವಿಎಗೂ ಏನು ವ್ಯತ್ಯಾಸವೆಂದು ವಿವರಿಸಿ.

ತುಂಗಾತೀರ: ಅದಕ್ಕೆ ಬೇರೆ ಚರ್ಚೆ ತೆರೆಯಿರಿ ಸರ್. ವೆಲ್ಡರ್ ಭಾನುವಾರ ಬರುತ್ತಾರೆ, ಅಲ್ಲಿಯವರೆಗೆ ಮೀನುಗಳು ಡ್ರಮ್ಮಿನಲ್ಲಿರಬೇಕು. ಸ್ಪಾಂಜ್ ಫಿಲ್ಟರ್ ಒಂದೇ ಸಾಕೇ, ಇನ್ನೊಂದು ಏರ್ ಸ್ಟೋನ್ ಬೇಕೇ ಎಂದು ಯಾರಾದರೂ ತಿಳಿಸಿ.