ಸೀಡ್ ಗ್ರಾಂಟ್ ಅರ್ಜಿ: 2 ಲಕ್ಷದಲ್ಲಿ 500 ಮನೆ ಸರ್ವೆ ಆಗುತ್ತಾ?

ಪ್ರಶ್ನೆ (ಸಮಾಜಕಾರ್ಯ ಅಧ್ಯಾಪಕಿ, ಹಾವೇರಿ): ನಮಸ್ಕಾರ ಮೇಡಂ. ನಮ್ಮ ವಿಶ್ವವಿದ್ಯಾಲಯ ಮಾನಸಿಕ ಆರೋಗ್ಯದ ಸಂಶೋಧನೆಗೆ ಸೀಡ್ ಗ್ರಾಂಟ್ (ಸಂಶೋಧನೆ ಶುರು ಮಾಡಲು ಕೊಡುವ ಸಣ್ಣ ಮೊತ್ತ) ಕರೆದಿದೆ. ಬೇರೆ ಬೇರೆ ವಿಭಾಗದವರು ಸೇರಿರಬೇಕು. 2 ಲಕ್ಷ ರೂಪಾಯಿ, ಒಂದು ವರ್ಷ. ನಾನು, ಕೃಷಿ ಅರ್ಥಶಾಸ್ತ್ರದ ಸರ್ ಒಬ್ಬರು, ಒಬ್ಬ ಮನೋವೈದ್ಯರು ಸೇರಿದ್ದೇವೆ. ಬ್ಯಾಡಗಿ ಸುತ್ತ ಮೆಣಸಿನಕಾಯಿ ಬೆಳೆಯುವ 500 ಮನೆಗಳಲ್ಲಿ ಸಾಲ ಮತ್ತು ಖಿನ್ನತೆಯ ಸರ್ವೆ, ಕೊನೆಗೆ ಒಂದು ಆ್ಯಪ್. ಅರ್ಜಿ ಸರಿ ಇದೆಯಾ?

ಉತ್ತರ (ಮನೋವೈದ್ಯೆ, ಧಾರವಾಡ): ವಿಷಯ ತುಂಬಾ ಒಳ್ಳೆಯದು. ಆದರೆ ಆ್ಯಪ್ ಬಿಡಿ. 500 ಮನೆಯನ್ನೂ ಬಿಡಿ. 40 ಮನೆ ಸಾಕು, ಆದರೆ ಎರಡು ಸಲ ಹೋಗಿ.

ಯಾಕೆ ಅಂದರೆ, ಖಿನ್ನತೆ ಅಳೆಯಲು ನೀವು ಬಳಸುವ ಪಿಎಚ್‌ಕ್ಯೂ-9 ಅನ್ನೋ ಒಂಬತ್ತು ಪ್ರಶ್ನೆಗಳ ಫಾರ್ಮ್ ಕಳೆದ ಎರಡು ವಾರದ ಬಗ್ಗೆ ಮಾತ್ರ ಕೇಳುತ್ತದೆ. ಮೆಣಸಿನಕಾಯಿ ಮನೆಯಲ್ಲಿ ಆಗಸ್ಟ್‌ನ ಎರಡು ವಾರ ಬೇರೆ, ಮಾರ್ಚ್‌ನದೇ ಬೇರೆ. ಆಗಸ್ಟ್‌ನಲ್ಲಿ ಸಾಲ ಮಾಡಿ ಮಳೆ ಕಾಯುತ್ತಿರುತ್ತಾರೆ. ಮಾರ್ಚ್‌ನಲ್ಲಿ ಮಾರ್ಕೆಟ್‌ಗೆ ಚೀಲ ಹೋಗಿ, ಕೈಗೆ ಎಷ್ಟು ಬಂತು ಅಂತ ಗೊತ್ತಾಗಿರುತ್ತದೆ. ಈ ಲೆಕ್ಕ ನನ್ನಂಥ ಡಾಕ್ಟರಿಗೆ ತಿಳಿಯೋದಿಲ್ಲ, ನಿಮ್ಮ ಅರ್ಥಶಾಸ್ತ್ರದ ಸರ್‌ಗೆ ತಿಳಿಯುತ್ತದೆ. ಮೂರು ವಿಭಾಗ ಸೇರಿದ್ದು ಯಾಕೆ ಅಂತ ಅರ್ಜಿಯಲ್ಲಿ ಇದನ್ನೇ ಬರೆಯಿರಿ.

ಇನ್ನೊಂದು ಭಾಷೆಯದು. ನಮ್ಮ ಕಡೆ ಯಾರೂ 'ಖಿನ್ನತೆ' ಅನ್ನೋದಿಲ್ಲ. 'ಜೀವಕ್ಕ ಬ್ಯಾಸರ ಆಗೇತಿ' ಅಂತಾರೆ. ಕೆಲವರು ಎದೆ ಉರಿ, ತಲೆ ಭಾರ ಅಂತಷ್ಟೇ ಹೇಳುತ್ತಾರೆ. ಮೊದಲ ಎರಡು ತಿಂಗಳು ಸುಮ್ನೆ ಕೂತು ಕೇಳಿ. ಹಣ ಅಲ್ಲಿ ಹಾಕಿ: ಊರಿನ ಭಾಷೆ ಆಡುವ ಒಬ್ಬ ಕ್ಷೇತ್ರ ಸಹಾಯಕಿ, ಬಸ್ ಖರ್ಚು, ಮಾತಿಗೆ ಕೂತವರ ಆ ದಿನದ ಕೂಲಿ. ಲ್ಯಾಪ್‌ಟಾಪ್ ಬೇಡ.

ಪ್ರಶ್ನೆ (ಅದೇ ಅಧ್ಯಾಪಕಿ): 40 ಮನೆಯಿಂದ ಏನು ಸಾಬೀತಾಗುತ್ತೆ ಅಂತ ಗ್ರಾಂಟ್ ಸಮಿತಿ ಕೇಳಿದರೆ?

ಉತ್ತರ: ಏನೂ ಸಾಬೀತಾಗೋದಿಲ್ಲ ಅಂತ ನೇರವಾಗಿ ಹೇಳಿ. ಎಷ್ಟು ಜನ ಒಪ್ಪಿದರು, ಎರಡನೇ ಸಲ ಎಷ್ಟು ಜನ ಸಿಕ್ಕರು, ಯಾವ ಪ್ರಶ್ನೆ ಅರ್ಥವಾಗಲಿಲ್ಲ, ಇದು ಗೊತ್ತಾಗುತ್ತದೆ. ಮುಂದೆ ಐಸಿಎಂಆರ್‌ಗೆ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ) ದೊಡ್ಡ ಅರ್ಜಿ ಹಾಕುವಾಗ ನಿಮ್ಮ ಕೈಯಲ್ಲಿ ಇರಬೇಕಾದ್ದು ಇದೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಒಂದೇ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಟ್ಟು ನೋಡಿದ್ದೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಯಿತು.

ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡುವ ಎಥಿಕ್ಸ್ ಸಮಿತಿಯ ಒಪ್ಪಿಗೆ ಮೊದಲ ಮನೆಗೆ ಹೋಗುವ ಮುಂಚೆಯೇ ಬೇಕು, ಆಮೇಲೆ ಪಡೆಯೋಕೆ ಬರೋದಿಲ್ಲ. ನಿಮ್ಮಲ್ಲಿ ಸಮಿತಿ ಇಲ್ಲದಿದ್ದರೆ ನಿಮ್ಮ ಮನೋವೈದ್ಯರ ಆಸ್ಪತ್ರೆಯಲ್ಲಿ ವಿಚಾರಿಸಿ. ಒಂದು ವರ್ಷದ ಅವಧಿಯನ್ನು ಒಪ್ಪಿಗೆ ಸಿಕ್ಕ ದಿನದಿಂದ ಎಣಿಸಿ ಅಂತ ಈಗಲೇ ಕೇಳಿಕೊಳ್ಳಿ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ, ಗದಗ): ನಮ್ಮ ಹಿಂದಿನ ಪ್ರಾಜೆಕ್ಟ್‌ನಲ್ಲಿ ಇನ್ನೊಂದು ವಿಭಾಗದವರು ಸಹಿ ಹಾಕಿದ್ದಷ್ಟೇ. ಒಂದು ಮೀಟಿಂಗ್‌ಗೂ ಬರಲಿಲ್ಲ. ಕೆಲಸವೆಲ್ಲ ನನ್ನ ಮೇಲೆ ಬಿತ್ತು.

ಉತ್ತರ: ಬೇಜಾರಿನ ವಿಷಯ. ಎಲ್ಲರೂ ಸೇರಿ ಮೊದಲ ಎರಡು ಮನೆಗೆ ಹೋಗಬೇಕು ಅಂತ ಅರ್ಜಿಯಲ್ಲೇ ಬರೆಸಿ. ಪ್ರಬಂಧದಲ್ಲಿ ಯಾರ ಹೆಸರು ಎಲ್ಲಿ ಅನ್ನೋದನ್ನೂ ಆಗಲೇ ಬರೆದಿಡಿ.

ಪ್ರಶ್ನೆ (ಹಾವೇರಿ ಅಧ್ಯಾಪಕಿ): ಒಂಬತ್ತನೇ ಪ್ರಶ್ನೆ ಕೇಳೋಕೆ ಭಯ ಆಗುತ್ತೆ ಮೇಡಂ. ಸಾಯುವ ಯೋಚನೆ ಬರುತ್ತಾ ಅನ್ನೋದು.

ಉತ್ತರ: ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟೋದಿಲ್ಲ. ಆದರೆ 'ಹೌದು' ಅಂದ ಮನೆಯಿಂದ ಫಾರ್ಮ್ ಮಡಚಿಕೊಂಡು ಎದ್ದು ಬರಬಾರದು. ಅಲ್ಲೇ ಕೂತು ನಿಮ್ಮ ಮನೋವೈದ್ಯರಿಗೆ ಫೋನ್ ಹಚ್ಚಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಗೋ ಇಲ್ಲಿ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೋ ಕರೆತರಲು ಗಾಡಿ ಬಾಡಿಗೆ ಬೇಕಾಗುತ್ತದೆ. ಅದನ್ನೂ ಬಜೆಟ್‌ನಲ್ಲಿ ಹಾಕಿ. ಆ ಖರ್ಚನ್ನು ಗ್ರಾಂಟ್ ಸಮಿತಿ ಹೊಡೆದುಹಾಕಿದರೆ ನನಗೆ ಹೇಳಿ, ಯಾಕೆ ಬೇಕು ಅಂತ ಪತ್ರ ಬರೆದುಕೊಡುತ್ತೇನೆ.