‘ಗುರುತಿನ ಟಿಕೀಟು’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ನಮ್ಮ ಅಮ್ಮನ ತಂದೆ ಬಳ್ಳಾರಿಯ ಒಂದು ಹತ್ತಿ ಜಿನ್ನಿನಲ್ಲಿ ಗುಮಾಸ್ತರಾಗಿದ್ದರು. ಮೊನ್ನೆ ಕೌಲ್ ಬಜಾರಿನ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಅವರ ಖರ್ಚಿನ ಪುಸ್ತಕ ಒಂದು ಸಿಕ್ಕಿತು. ಅರ್ಧ ಇಲಿಯ ಪಾಲಾಗಿದೆ. ಉಳಿದ ಅರ್ಧದಲ್ಲಿ ಇರುವ ಒಂದು ಸಾಲು ಮೂರು ದಿನದಿಂದ ತಲೆಯಲ್ಲಿ ಕೂತುಬಿಟ್ಟಿದೆ:

“ಗುರುತಿನ ಟಿಕೀಟು 40 — 2-8-0. ಬರೀ ಟಿಕೀಟು 12 — 0-12-0.”

ಟಿಕೀಟು ಅಂದರೆ ಇಲ್ಲಿ ಸಿನಿಮಾದ್ದಲ್ಲ, ರೈಲಿನದ್ದೂ ಅಲ್ಲ. ನಮ್ಮ ಕಡೆ ಹಿರಿಯರು ಅಂಚೆಚೀಟಿಗೆ ಟಿಕೀಟು ಅಂತಲೇ ಅನ್ನುತ್ತಿದ್ದರು. “ಲಕೋಟೆಗೆ ಟಿಕೀಟು ಹಚ್ಚಿದೆಯೇನು?” ಅನ್ನುವ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಪಕ್ಕದ ಮನೆಯ ತೆಲುಗಿನವರು ‘ಬಿಳ್ಳ’ ಅನ್ನುತ್ತಿದ್ದರು. ನಮ್ಮ ಜವಾನರ ಎದೆಯ ಮೇಲಿನ ಬಿಲ್ಲೆಯ ಹತ್ತಿರದ ಪದ ಅದು.

ಲೆಕ್ಕ ನೋಡಿ. ರೂಪಾಯಿಗೆ ಹದಿನಾರಾಣೆ. ನಲವತ್ತಾಣೆ ಅಂದರೆ ಎರಡು ರೂಪಾಯಿ ಎಂಟಾಣೆ. ಎರಡೂ ಸಾಲಿನ ಚೀಟಿ ಒಂದಾಣೆಯವೇ. ಬೆಲೆ ಒಂದೇ ಆದಮೇಲೆ ತಾತ ಯಾಕೆ ಬೇರೆ ಬೇರೆ ಬರೆದರು? ಸುಮ್ನೆ ಶಾಯಿ ಖರ್ಚು ಮಾಡುವ ಮನುಷ್ಯ ಅವರಲ್ಲ.

ಉತ್ತರ ಅದೇ ಪುಸ್ತಕದ ರಟ್ಟಿನೊಳಗೆ ಇತ್ತು. ಕಂಪನಿಯ ಹೆಸರು ಅಚ್ಚಾದ ಹಳೇ ಲಕೋಟೆಯ ಒಂದು ತುಂಡು. ಅದರ ಮೇಲೆ 5ನೇ ಜಾರ್ಜನ ಕಂದು ಬಣ್ಣದ ಒಂದಾಣೆ ಚೀಟಿ. ಠಸ್ಸೆಯಲ್ಲಿ ಬಳ್ಳಾರಿಯ ಇಂಗ್ಲಿಷ್ ಹೆಸರಿನ ಕೊನೆಯ ನಾಲ್ಕಕ್ಷರ ಉಳಿದಿವೆ. ಬೆಳಕಿಗೆ ಹಿಡಿದರೆ ರಾಜನ ಮುಖದ ತುಂಬ ತೂತು. ಮೊದಲು ಹುಳ ಹೊಡೆದಿದೆ ಅಂದುಕೊಂಡೆ. ಹುಳಕ್ಕೆ ಅಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು? ಎಡಕ್ಕೆ ‘ಎ’, ಬಲಕ್ಕೆ ‘ಟಿ’, ಕೆಳಗೆ ಒಂದು ‘ಸಿ’. ಎಲ್ಲವೂ ಇಂಗ್ಲಿಷ್ ಅಕ್ಷರಗಳು, ಸಾಸಿವೆಗಿಂತ ಸಣ್ಣ ತೂತುಗಳಲ್ಲಿ.

ಇಂಥ ಚೀಟಿಗೆ ಸಂಗ್ರಹಕಾರರು ಪರ್ಫಿನ್ ಅನ್ನುತ್ತಾರೆ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಬಳಸದ ಅಂಚೆಚೀಟಿಯನ್ನು ಅಂಚೆ ಕಚೇರಿಗಳೇ ವಾಪಸ್ ಕೊಳ್ಳುತ್ತಿದ್ದವು. ಹಾಗಾಗಿ ಚೀಟಿ ಅಂದರೆ ರೊಕ್ಕವೇ. ಕಂಪನಿಯ ಡ್ರಾಯರಿನಿಂದ ನಾಲ್ಕು ಎಗರಿಸಿದರೆ ಸಂಜೆ ಚಹಾ ಖರ್ಚು ಕಳೆಯುತ್ತಿತ್ತು. ಜೋಸೆಫ್ ಸ್ಲೋಪರ್ ಅನ್ನುವವನು ಚೆಕ್ಕಿಗೆ ತೂತು ಹೊಡೆಯುವ ಯಂತ್ರ ಮಾಡಿದ್ದ. ಅದೇ ಉಪಾಯವನ್ನು ಅಂಚೆಚೀಟಿಗೂ ತಂದ. 1868ರಲ್ಲಿ ಅಲ್ಲಿನ ಅಂಚೆ ಇಲಾಖೆ ಒಪ್ಪಿಗೆ ಕೊಟ್ಟಿತು. ಕಂಪನಿಯ ಅಕ್ಷರ ಇರುವ ಚೀಟಿಯನ್ನು ಕದ್ದರೂ ಮಾರುವ ಹಾಗಿಲ್ಲ, ಅಲ್ವಾ? ಆಮೇಲೆ ನಮ್ಮಲ್ಲೂ ರೈಲ್ವೆ ಕಂಪನಿಗಳು, ಬ್ಯಾಂಕುಗಳು, ದೊಡ್ಡ ವ್ಯಾಪಾರದ ಮನೆಗಳು ಇದನ್ನು ಹಿಡಿದವು.

ಓದುವುದೇ ಒಂದು ಕಲೆ. ಹಾಳೆಯನ್ನು ಮಡಚಿ ಯಂತ್ರಕ್ಕೆ ಕೊಡುತ್ತಿದ್ದರಿಂದ ಕೆಲವು ಚೀಟಿಗಳಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದು ಬೀಳುತ್ತವೆ. ನನ್ನದೂ ಹಾಗೇ. ‘ಎ’ಗೂ ‘ಟಿ’ಗೂ ಎಡ ಬಲ ಒಂದೇ, ಆದ್ದರಿಂದ ಅವು ಏನೂ ಬಾಯಿ ಬಿಡುವುದಿಲ್ಲ. ಗುಟ್ಟು ಬಿಟ್ಟುಕೊಟ್ಟಿದ್ದು ‘ಸಿ’. ಅದರ ಬಾಯಿ ಬಲಕ್ಕೆ ಇರಬೇಕಿತ್ತು, ಎಡಕ್ಕಿದೆ. ತಲೆಕೆಳಗಾಗಿ ಹೊಡೆದಿದ್ದರೆ ‘ಎ’ ಕೂಡ ತಲೆಕೆಳಗಾಗಬೇಕಿತ್ತು, ಅದು ನೆಟ್ಟಗೇ ನಿಂತಿದೆ. ಹಾಗಾದರೆ ಹಿಂದಿನಿಂದ ಓದಬೇಕು: ಟಿ, ಎ, ಕೆಳಗೆ ಸಿ. ಲಕೋಟೆಯ ಮೇಲಿನ ಕಂಪನಿ ಹೆಸರಿಗೆ ತಾಳೆ ಆಯಿತು. ಲಕೋಟೆ ಇಲ್ಲದ ಬಿಡಿ ಚೀಟಿ ನಿಮ್ಮಲ್ಲಿದ್ದರೆ ಕಪ್ಪು ರಟ್ಟಿನ ಮೇಲೆ ಮಕಾಡೆ ಇಟ್ಟು ಒಂದೊಂದು ಅಕ್ಷರಕ್ಕೆ ಎಷ್ಟು ತೂತು, ಎಷ್ಟು ಮಿಲಿಮೀಟರ್ ಎತ್ತರ ಅಂತ ಬರೆದಿಡಿ. ಒಂದೇ ಅಕ್ಷರಗಳನ್ನು ಎರಡು ಮೂರು ಕಂಪನಿ ಬಳಸಿರಬಹುದು. ತೂತಿನ ಎಣಿಕೆಯೂ ಠಸ್ಸೆಯ ಊರೂ ಅವನ್ನು ಬೇರೆ ಮಾಡುತ್ತವೆ. ದಯವಿಟ್ಟು ಲಕೋಟೆಯಿಂದ ನೆನೆಸಿ ಬಿಡಿಸಬೇಡಿ. ನಾನು ಹುಡುಗನಾಗಿದ್ದಾಗ ಹೀಗೆ ಎಷ್ಟು ಬಿಡಿಸಿ ಬಚ್ಚಲಿಗೆ ಚೆಲ್ಲಿದ್ದೇನೋ, ನೆನೆದರೆ ಹೊಟ್ಟೆ ಉರಿಯುತ್ತೆ.

ಈಗ ಪದದ ವಿಷಯ. ‘ಗುರುತಿನ ಟಿಕೀಟು’ ಅಂದರೆ ಈ ತೂತಿನ ಚೀಟಿಯೇ ಅಂತ ನನ್ನ ತೀರ್ಮಾನ. ಗೆಳೆಯರೊಬ್ಬರು ಒಪ್ಪಲಿಲ್ಲ. “ರಸೀದಿಗೆ ಹಚ್ಚುವ ರೆವಿನ್ಯೂ ಟಿಕೀಟೂ ಒಂದಾಣೆಯದೇ ಅಲ್ಲವೇ, ಅದನ್ನೇ ಬೇರೆ ಬರೆದಿರಬೇಕು” ಅಂದರು. ಆದರೆ 1906ರಿಂದ ಒಂದಾಣೆ ಅಂಚೆಚೀಟಿ ಟಪಾಲಿಗೂ ರಸೀದಿಗೂ ಎರಡಕ್ಕೂ ನಡೆಯುತ್ತಿತ್ತು. ರಸೀದಿಗೆ ಅಂತ ಬೇರೆ ತರಬೇಕಾದ ಜರೂರು ಇರಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ‘ಬರೀ’ ಅನ್ನುವ ಮಾತು. ಬರಿಗೈ, ಬರಿಗಾಲು, ಬರೀ ಕೊರಳು. ಇರಬೇಕಾದದ್ದು ಇಲ್ಲ ಅನ್ನುವಾಗ ಬರುವ ಪದ ಅದು. ಅಂದರೆ ತಾತನ ಕಣ್ಣಿಗೆ ಅಕ್ಷರ ಕೊರೆದ ಚೀಟಿಯೇ ಸರಿಯಾದದ್ದು, ತೂತಿಲ್ಲದ್ದು ಬರಿದು! ಸಂಗ್ರಹಕಾರರದ್ದು ಇದಕ್ಕೆ ಉಲ್ಟಾ. ತೂತಿದೆ, ಹಾಳಾಗಿದೆ ಅಂತ ಬಹಳ ಕಾಲ ಇವನ್ನು ಆಲ್ಬಮ್ಮಿನಿಂದ ಹೊರಗಿಟ್ಟಿದ್ದರು.

ಇವತ್ತು ಕನ್ನಡದಲ್ಲಿ ಬರೆಯುವಾಗ ಏನನ್ನೋಣ? ತಾತನ ಪದವನ್ನು ಸ್ವಲ್ಪ ತಿದ್ದಿ ‘ಗುರುತಿನ ಚೀಟಿ’ ಅಂದರೆ ಜನ ಜೇಬಿನಿಂದ ವೋಟರ್ ಕಾರ್ಡ್ ತೆಗೆಯುತ್ತಾರೆ. ‘ರಂಧ್ರಾಕ್ಷರ’ ಅಂತ ಒಬ್ಬರು ಸೂಚಿಸಿದರು. ನನಗೆ ಅದು ಆಸ್ಪತ್ರೆಯ ವರದಿಯ ಹಾಗೆ ಕೇಳುತ್ತೆ. ಮೇಲಾಗಿ ಚೀಟಿ ಹರಿಯಲು ಅಂಚಿನಲ್ಲಿರುವ ತೂತಿನ ಸಾಲಿಗೂ ರಂಧ್ರ ಅನ್ನುವವರಿದ್ದಾರೆ, ಗೊಂದಲ ಆಗುತ್ತೆ. ‘ತೂತು’ ಒಳ್ಳೆಯ ಪದವೇ, ಆದರೆ ಎಲ್ಲರ ಮನೆ ದೋಸೆಯ ಜೊತೆ ಬೆಳೆದು ಅದಕ್ಕೆ ಕುಂದಿನ ವಾಸನೆ ಹತ್ತಿದೆ.

ನಮ್ಮ ಅತ್ತೆಯ ಹತ್ತಿರ ಕೇಳಿದೆ. ಅವರು ಚೀಟಿಯನ್ನು ಕಿಟಕಿಗೆ ಹಿಡಿದು ನೋಡಿ, “ತೂತು ಬಿದ್ದದ್ದು ಬೇರೆ, ಚುಚ್ಚಿಸಿದ್ದು ಬೇರೆ. ಕೂಸಿಗೆ ಕಿವಿ ಚುಚ್ಚಿಸಿದ್ವಿ ಅಂತೀವಿ, ಕಿವಿ ತೂತಾತು ಅಂತೀವೇನು?” ಅಂದರು. ಮಾತು ಸರಿ. ಚುಚ್ಚುಮದ್ದಿನ ಹಾಗೆ ‘ಚುಚ್ಚಕ್ಷರ’ ಅಂತ ಮಾಡಬಹುದು. ಆದರೆ ಸೂಜಿ ಚುಚ್ಚಿದರೆ ಕಾಗದ ಬಿರಿಯುತ್ತೆ ಅಷ್ಟೇ. ಈ ಯಂತ್ರ ಕಾಗದದ ಚೂರನ್ನೇ ಕತ್ತರಿಸಿ ಬೀಳಿಸುತ್ತೆ. ಅದನ್ನು ಹೇಳಿದ್ದಕ್ಕೆ ಅತ್ತೆ ಒಳಗಿನಿಂದ ಒಂದು ಸ್ಟೀಲ್ ಚೆಂಬು ತಂದು ಮುಂದಿಟ್ಟರು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು, ಮದುವೆಯ ತಾರೀಕು. ಪಾತ್ರೆ ಅಂಗಡಿಯಲ್ಲಿ ಹಾಕಿಸಿದ್ದು. ಮದುವೆಮನೆಯಲ್ಲಿ ಚೆಂಬು ಅದಲುಬದಲಾಗಬಾರದು, ಯಾರೂ ಎತ್ತಿಕೊಂಡು ಹೋಗಬಾರದು ಅಂತ ತಾನೇ ಅದು? ಸ್ಲೋಪರ್ ಮಾಡಿದ್ದೂ ಅದನ್ನೇ.

ಹಾಗಾಗಿ ನನ್ನ ಸಲಹೆ ‘ಹೆಸರು ಕೊರೆದ ಚೀಟಿ’. ಉದ್ದವಾಯಿತು ಅನ್ನುವವರು ‘ಕೊರೆಹೆಸರು’ ಅನ್ನಬಹುದು. ಅದು ನನ್ನ ನಾಲಿಗೆಗೆ ಇನ್ನೂ ಹೊಂದಿಲ್ಲ.

ಕೇಳುವುದು ಇಷ್ಟು. ಆಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ರಾಯಚೂರು ಕೊಪ್ಪಳ ನಿಜಾಮರ ಕಡೆ. ಅಲ್ಲಿ ನಿಜಾಮರದ್ದೇ ಬೇರೆ ಅಂಚೆಚೀಟಿ ಇದ್ದವು. ಆದರೆ ಹತ್ತಿ ವ್ಯಾಪಾರದ ಗುಮಾಸ್ತರು ಗಡಿ ನೋಡಿ ಪದ ಬದಲಿಸುತ್ತಿರಲಿಲ್ಲ ಅನ್ನಿಸುತ್ತೆ. ರಾಯಚೂರಿನ ಗಂಜಿನಲ್ಲಿ, ಕೊಪ್ಪಳದ ಹಳೇ ಅಡತಿ ಅಂಗಡಿಗಳಲ್ಲಿ ಲೆಕ್ಕ ಬರೆದವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಹಳೇ ಖಾತೆ ಪುಸ್ತಕ ಒಮ್ಮೆ ತೆಗೆದು ನೋಡಿ. ‘ಗುರುತಿನ ಟಿಕೀಟು’ ಅಂತ ಇದೆಯಾ, ‘ನಿಶಾನಿ ಟಿಕೀಟು’ ಅಂತ ಇದೆಯಾ, ಬೇರೆ ಏನಾದರೂ ಇದೆಯಾ? ಸಿಕ್ಕಿದ ಸಾಲನ್ನು ಇದ್ದ ಹಾಗೇ, ಕಾಗುಣಿತ ತಿದ್ದದೆ ಬರೆಯಿರಿ. ಪಕ್ಕದ ಆಣೆ ಲೆಕ್ಕವನ್ನೂ ಬಿಡಬೇಡಿ.