ಉಣ್ಣೆ ಜ್ವರ, ಕೆಂಪು ಗಂಜಲ: ಯಾವ ರೋಗಕ್ಕೆ ಯಾವ ಹೆಸರು?

ಹಾಲಿನ ಡೈರಿಗೆ ಬರುವ ರೈತರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಉಣ್ಣೆ ಕಚ್ಚುವುದರಿಂದ ದನ, ಎಮ್ಮೆಗಳ ರಕ್ತ ಸೇರುವ ರೋಗಗಳ ಬಗ್ಗೆ. ಥೈಲೇರಿಯಾ, ಬೆಬೀಸಿಯಾ, ಅನಾಪ್ಲಾಸ್ಮ ಎಂಬ ರೋಗಾಣುಗಳಿಂದ ಬರುವವು ಇವುಗಳಲ್ಲಿ ಮುಖ್ಯವಾದವು. ನಮ್ಮ ಕಡೆ ಮೂರಕ್ಕೂ 'ಉಣ್ಣೆ ಜ್ವರ' ಅಂದುಬಿಡುತ್ತಾರೆ. ನನಗೆ ಬೇರೆ ಬೇರೆ ಹೆಸರು ಬೇಕು, ಯಾಕಂದ್ರೆ ಮದ್ದು ಬೇರೆ ಬೇರೆ. ಥೈಲೇರಿಯಾಕ್ಕೆ ಬುಪಾರ್ವಾಕೋನ್, ಬೆಬೀಸಿಯಾಕ್ಕೆ ಡಿಮಿನಾಜಿನ್, ಅನಾಪ್ಲಾಸ್ಮಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ರೈತ ಫೋನಿನಲ್ಲಿ ಡಾಕ್ಟರಿಗೆ ಸರಿಯಾಗಿ ಹೇಳಿದರೆ ಅರ್ಧ ಕೆಲಸ ಆದಂತೆ. ಸೀಮೆ ಹಸುಗಳಿಗೆ ಥೈಲೇರಿಯಾ ಬಂದಾಗ ತಡ ಮಾಡಿದರೆ ಉಳಿಸಿಕೊಳ್ಳುವುದು ಕಷ್ಟ.

ಮೊದಲು 'ಉಣ್ಣೆ'ಯನ್ನೇ ನೋಡಿ. 'ಕುರಿಯ ಮೈಮೇಲಿನ ಉಣ್ಣೆ ತೆಗೆಯಿರಿ' ಎಂದು ಬರೆದರೆ ತುಪ್ಪಳ ಕತ್ತರಿಸಬೇಕೋ, ಹುಳ ಕೀಳಬೇಕೋ? ಹಾಗಾಗಿ 'ಉಣ್ಣಿ' ಎಂದು ಬರೆಯೋಣ ಅಂದುಕೊಂಡೆ. ಮಲೆನಾಡಿನವರಿಗೆ 'ಉಣುಗು' ಅಂದರೇನೇ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಇನ್ನೊಂದು ತೊಡಕೂ ಇದೆ. ಉಣುಗಿನ ಜ್ವರ ಅಂದ ಕೂಡಲೇ ಜನರಿಗೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಅದು ವೈರಸ್ಸಿನಿಂದ ಮನುಷ್ಯರಿಗೆ ಬರುವ ರೋಗ. ದನಗಳ ಈ ರೋಗಗಳೇ ಬೇರೆ.

ನನ್ನನ್ನು ಜಾಸ್ತಿ ಕಾಡುತ್ತಿರುವುದು 'ಕೆಂಪು ಗಂಜಲ'. ಬೆಬೀಸಿಯಾ ಕೆಂಪು ರಕ್ತಕಣದೊಳಗೆ ಬೆಳೆದು ಕಣವನ್ನೇ ಒಡೆಯುತ್ತದೆ. ಆ ಬಣ್ಣ ಗಂಜಲಕ್ಕೆ ಇಳಿದು ಕಾಫಿ ಡಿಕಾಕ್ಷನ್ ಥರ ಕಾಣುತ್ತದೆ. ಅಲ್ಲಿರುವುದು ಬಣ್ಣ, ಇಡೀ ರಕ್ತವಲ್ಲ. ಅದಕ್ಕೇ 'ರಕ್ತ ಮೂತ್ರ' ಎಂಬ ಹೆಸರು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ 'ಕೆಂಪು ಗಂಜಲ ರೋಗ' ಎಂದರೂ ಪೂರ್ತಿ ಸರಿಯಲ್ಲ. ಎಮ್ಮೆ ಕರು ಹಾಕಿದ ಕೆಲವು ವಾರಗಳಲ್ಲಿ ರಂಜಕದ ಕೊರತೆಯಾದರೂ ಗಂಜಲ ಹೀಗೇ ಆಗುತ್ತದೆ. ಅದಕ್ಕೂ ಉಣ್ಣಿಗೂ ಸಂಬಂಧವಿಲ್ಲ. ಸಾಮಾನ್ಯವಾಗಿ ಜ್ವರವೂ ಇರುವುದಿಲ್ಲ. ಬೆಬೀಸಿಯಾದಲ್ಲಿ ಜ್ವರ ಜೋರಾಗಿರುತ್ತದೆ. ಹಾಗಾದರೆ 'ಕೆಂಪು ಗಂಜಲದ ಜ್ವರ' ಅನ್ನಬಹುದಾ? ಇದೇ ಸದ್ಯಕ್ಕೆ ನನ್ನ ಆಯ್ಕೆ.

ಥೈಲೇರಿಯಾ ಮೊದಲು ಬಿಳಿ ರಕ್ತಕಣಗಳಲ್ಲಿ ಬೆಳೆಯುತ್ತದೆ. ಹೆಗಲ ಮುಂದಿನ ಗಡ್ಡೆ (ದುಗ್ಧಗ್ರಂಥಿ) ಊದಿಕೊಳ್ಳುವುದು ಅದರಿಂದಲೇ. ಕೈಯಿಂದ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. 'ಗಂಟು ಜ್ವರ' ಎಂದು ಬರೆಯೋಣವೆಂದರೆ ಚರ್ಮಗಂಟು ರೋಗದ ನೆನಪು ಎಲ್ಲರಿಗೂ ಹಸಿಯಾಗಿದೆ, ಅದೇ ಇದು ಅಂದುಕೊಳ್ಳುತ್ತಾರೆ. 'ಗಡ್ಡೆ ಜ್ವರ' ಹೇಗೆ? ಈ ಹೆಸರನ್ನು ಯಾರಾದರೂ ಬಳಸುವುದನ್ನು ಕೇಳಿದ್ದೀರಾ?

ಅನಾಪ್ಲಾಸ್ಮಕ್ಕೆ ಒಳ್ಳೆ ಹೆಸರು ಸಿಗುತ್ತಿಲ್ಲ. ಇದರಲ್ಲಿ ರಕ್ತ ಕಡಿಮೆಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಗಂಜಲ ಮಾತ್ರ ಕೆಂಪಾಗುವುದಿಲ್ಲ. ರೋಗ ಹಿಡಿದ ಕಣಗಳನ್ನು ಗುಲ್ಮವೇ ಹಿಡಿದು ನಾಶ ಮಾಡುತ್ತದೆ, ಅವು ರಕ್ತನಾಳದಲ್ಲಿ ಒಡೆಯುವುದಿಲ್ಲ. 'ಕಾಮಾಲೆ ಜ್ವರ' ಅನ್ನೋಣವೆಂದರೆ ಉಳಿದೆರಡರಲ್ಲೂ ಕಾಮಾಲೆ ಕಾಣಿಸಬಹುದು. ಇದು ಉಣ್ಣಿಯಿಂದ ಮಾತ್ರವಲ್ಲ, ಕಚ್ಚುವ ನೊಣದಿಂದ, ಒಂದೇ ಸೂಜಿಯನ್ನು ಹಲವು ದನಕ್ಕೆ ಚುಚ್ಚುವುದರಿಂದಲೂ ಹರಡುತ್ತದೆ. ಸದ್ಯಕ್ಕೆ 'ಅನಾಪ್ಲಾಸ್ಮ' ಎಂದೇ ಬಿಟ್ಟಿದ್ದೇನೆ.

ಮೂರಕ್ಕೂ ಸೇರಿಸಿ ಪುಸ್ತಕಗಳಲ್ಲಿ 'ರಕ್ತ ಪರಾವಲಂಬಿ', 'ರಕ್ತದ ಪರೋಪಜೀವಿ', 'ಏಕಕೋಶ ಜೀವಿ' ಎಂದೆಲ್ಲ ಇದೆ. ಕೊನೆಯದು ಇಲ್ಲಿ ತಪ್ಪುದಾರಿ ಹಿಡಿಸುತ್ತದೆ. ಪ್ರೋಟೋಜೋವಾಕ್ಕೆ ಬಳಸುವ ಹೆಸರು ಅದು. ಥೈಲೇರಿಯಾ, ಬೆಬೀಸಿಯಾ ಆ ಗುಂಪಿನವು, ಅನಾಪ್ಲಾಸ್ಮ ಮಾತ್ರ ಬ್ಯಾಕ್ಟೀರಿಯಾ. 'ಉಣ್ಣಿಯಿಂದ ರಕ್ತ ಸೇರುವ ರೋಗಾಣು' ಎಂದು ಬಿಡಿಸಿ ಬರೆದರೆ ಉದ್ದವಾದರೂ ಎಲ್ಲರಿಗೂ ತಿಳಿಯುತ್ತದೆ, ಅಲ್ವಾ?

ನಿಮ್ಮ ಕಡೆ ದನ ಕಟ್ಟುವವರು, ಹಳ್ಳಿಯ ನಾಟಿ ಮದ್ದಿನವರು ಇವಕ್ಕೆ ಏನನ್ನುತ್ತಾರೆ, ದಯವಿಟ್ಟು ತಿಳಿಸಿ. ಜೊತೆಗೆ ತಾಲ್ಲೂಕಿನ ಹೆಸರನ್ನೂ ಬರೆಯಿರಿ. ಬಯಲುಸೀಮೆಗೆ ಒಂದು, ಮಲೆನಾಡಿಗೆ ಒಂದು ಎಂದು ಕರಪತ್ರವನ್ನು ಎರಡು ಬಗೆಯಲ್ಲಿ ಅಚ್ಚು ಹಾಕಿಸಲೂ ನಾನು ತಯಾರಿದ್ದೇನೆ.